ಮೂರನೆಯವರಿಗೆ ಜಾಗವಿಲ್ಲ ಎನ್ನುವ ಸರ್ವರ್

ಪ್ರಶ್ನೆ: ನಾನು ಧಾರವಾಡದವಳು. ಕೋಲ್ಕತ್ತದ ಸೆಕ್ಟರ್ ಫೈವ್‌ನ ಸಣ್ಣ ಕಚೇರಿಯೊಂದರಲ್ಲಿ ಕಂಪ್ಯೂಟರ್ ಉಸ್ತುವಾರಿ ನನ್ನದು. 3 ಪಾಳಿ, 12 ಮಂದಿ, 4 ಕಂಪ್ಯೂಟರ್. ಎಲ್ಲರೂ ಒಂದೇ ವಿಂಡೋಸ್ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗುತ್ತಾರೆ. ಇಬ್ಬರು ಕೆಲಸದಲ್ಲಿದ್ದಾಗ ಮೂರನೆಯವರು ಬಂದರೆ ಒಬ್ಬರನ್ನು ಹೊರಹಾಕಬೇಕಾಗುತ್ತದೆ. ರ‍್ಯಾಮ್ ಹೆಚ್ಚಿಸಲೇ?
— ಓದುಗರು, ಸೆಕ್ಟರ್ ಫೈವ್

ಉತ್ತರ: ಬೇಡಮ್ಮ, ಆ ಹಣ ಉಳಿಸಿ. ಇದು ಯಂತ್ರದ ಶಕ್ತಿಯ ಮಿತಿಯಲ್ಲ, ಲೈಸೆನ್ಸಿನ ಮಿತಿ. ವಿಂಡೋಸ್ ಸರ್ವರ್ ಜೊತೆಗೆ ಬರುವ 2 ರಿಮೋಟ್ ಸೆಷನ್‌ಗಳು ಸರ್ವರ್ ನೋಡಿಕೊಳ್ಳುವವರಿಗೆಂದು ಇಟ್ಟವು, ದಿನದ ಕೆಲಸಕ್ಕಲ್ಲ.

ಸಿಬ್ಬಂದಿ ಕೆಲಸಕ್ಕೆ ‘ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್’ ಅಳವಡಿಸಿ, ಅದರ ಲೈಸೆನ್ಸ್ ಕೊಳ್ಳಬೇಕು. ಇದರಲ್ಲಿ ಎರಡು ಬಗೆ: ಆಳಿಗೊಂದು ಅಥವಾ ಯಂತ್ರಕ್ಕೊಂದು. ಪಾಳಿಯಲ್ಲಿ ಅದೇ 4 ಕಂಪ್ಯೂಟರ್ ಬಳಸುವ ನಿಮಗೆ ಯಂತ್ರದ ಲೆಕ್ಕದಲ್ಲಿ 4 ಸಾಕು. ಆಳಿನ ಲೆಕ್ಕದಲ್ಲಿ 12 ಬೇಕಾಗುತ್ತಿತ್ತು. ಆದರೆ ಯಾರಾದರೂ ಮನೆಯ ಲ್ಯಾಪ್‌ಟಾಪ್‌ನಿಂದಲೂ ಬಂದರೆ ಅದಕ್ಕೂ ಒಂದು ಸೇರಿಸಿ. ಸರ್ವರ್ ಬಳಕೆಯ ಮೂಲ ಲೈಸೆನ್ಸ್ ಇದರ ಹೊರತಾಗಿ ಇರಲೇಬೇಕು. ಅಳವಡಿಸಿದ ಮೇಲೆ 120 ದಿನಗಳ ವಿನಾಯಿತಿ ಅವಧಿಯಿದೆ. ಅಷ್ಟರೊಳಗೆ ಖರೀದಿ ಮುಗಿಸಿ.

ಇನ್ನೊಂದು ಅಭ್ಯಾಸ ಬೆಳೆಸಿ. ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯ ಮೂಲೆಯ ‘X’ ಗುರುತು ಒತ್ತಿದರೆ ಪರದೆ ಮುಚ್ಚುತ್ತದೆ, ಸೆಷನ್ ಮುಗಿಯುವುದಿಲ್ಲ. ತೆರೆದ ಕಡತಗಳು, ಪ್ರೋಗ್ರಾಂಗಳು ಸರ್ವರ್‌ನ ಮೆಮೊರಿ ತಿನ್ನುತ್ತಲೇ ಇರುತ್ತವೆ. ಪಾಳಿ ಮುಗಿಸಿದವರು ‘ಸೈನ್ ಔಟ್’ ಮಾಡಿಯೇ ಏಳಬೇಕು. ಗ್ರೂಪ್ ಪಾಲಿಸಿಯಲ್ಲಿ ಸುಮ್ಮನಿರುವ ಸೆಷನ್‌ಗೂ ಸಂಪರ್ಕ ಕಡಿದ ಸೆಷನ್‌ಗೂ ಬೇರೆಬೇರೆ ಸಮಯಮಿತಿ ಹಾಕಬಹುದು. ಹಾಕುವ ಮೊದಲು ಎಲ್ಲರಿಗೂ ತಿಳಿಸಿ. ಸೆಷನ್ ಕೊನೆಗೊಂಡರೆ ಸೇವ್ ಮಾಡದ ಕೆಲಸ ಹೋಗುತ್ತದೆ.

ಪ್ರಶ್ನೆ: ಈ 2 ಸೆಷನ್‌ಗಳ ಮಿತಿ ತೆಗೆಯುವ ಉಚಿತ ಪ್ಯಾಚ್ ಇದೆ ಎನ್ನುತ್ತಾರೆ. ಅದನ್ನು ಹಾಕಿ, ಒಂದೇ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಎಲ್ಲರೂ ಬಳಸಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಬೇಡ. ಆ ಪ್ಯಾಚ್ ಲೈಸೆನ್ಸ್ ಕರಾರನ್ನು ಮುರಿಯುತ್ತದೆ. ವಿಂಡೋಸ್ ಅಪ್‌ಡೇಟ್ ಬಂದ ದಿನ ಕೈಕೊಡಬಹುದು. ಯಾರೋ ತಿದ್ದಿದ ಕಡತ ನಿಮ್ಮ ಲೆಕ್ಕಪತ್ರವಿರುವ ಯಂತ್ರದೊಳಗೆ ಕೂರುತ್ತದೆ. ಹಂಚಿಕೊಂಡ ಖಾತೆ ಇನ್ನೂ ಅಪಾಯ. ರಾತ್ರಿ ಪಾಳಿಯಲ್ಲಿ ಒಂದು ಕಡತ ಅಳಿಸಿಹೋದರೆ ದಾಖಲೆಯಲ್ಲಿ ಸಿಗುವುದು ಆ ಒಂದೇ ಹೆಸರು, ಅನುಮಾನ ಮಾತ್ರ ಎಲ್ಲರ ಮೇಲೆ. ಪ್ರತಿಯೊಬ್ಬರಿಗೂ ಅವರದೇ ಖಾತೆ ಕೊಡಿ, ಅಡ್ಮಿನ್ ಅಧಿಕಾರವಿಲ್ಲದ ಖಾತೆ.