ಗುಜರಿಯಲ್ಲಿ ಗಟ್ಟಿ ಸಾಮಾನು

ಲೇತ್ ಶಾಪಿಗೆ ಹೆಲ್ಪರ್ ಆಗಿ ಸೇರಿದ ಹುಡುಗ ಏನು ಮಾಡುತ್ತಾನೆ? ಲೇತಿನ ಕೆಳಗೆ ಬಿದ್ದ ಕಬ್ಬಿಣದ ಸುರುಳಿ ಗುಡಿಸುತ್ತಾನೆ. ಟೀ ತರುತ್ತಾನೆ. ಭಾರದ ಸರಳು ಎತ್ತಿ ಕೊಡುತ್ತಾನೆ. ಅವನ ಕೈಗೆ ಲೇತು ಸಿಗುವುದು ಯಾವಾಗ? ಅಳತೆ ನೋಡಲು ಬಂದಾಗ. ಹೆಲ್ಪರ್ ಸಂಬಳಕ್ಕೂ ಟರ್ನರ್ ಸಂಬಳಕ್ಕೂ ಇರುವ ಅಂತರ ಬಹುಮಟ್ಟಿಗೆ ಈ ಅಳತೆಯಲ್ಲೇ ಇದೆ.

ಅಳತೆಗೆ ವರ್ನಿಯರ್ ಬೇಕು. ಮೈಕ್ರೋಮೀಟರ್ ಬೇಕು. ಸಣ್ಣ ಶಾಪುಗಳಲ್ಲಿ ಮಾಲೀಕರು ಇವನ್ನು ಎಲ್ಲರ ಕೈಗೂ ಕೊಡುವುದಿಲ್ಲ. ಅದು ತಪ್ಪೂ ಅಲ್ಲ. ಒಮ್ಮೆ ಕೈಜಾರಿ ಬಿದ್ದರೆ ಕೆಟ್ಟಿತು. ಕಲಿಯುವವನ ಹತ್ತಿರ ತನ್ನದೇ ಒಂದು ಇದ್ದರೆ ಊಟದ ಹೊತ್ತಲ್ಲೂ ಅಭ್ಯಾಸ ಮಾಡಬಹುದು. ಒಳ್ಳೆ ಕಂಪನಿಯ ಹೊಸ ವರ್ನಿಯರ್ ದುಬಾರಿ. ತೀರಾ ಅಗ್ಗದ ಹೊಸದು ನಂಬಿಕೆಗೆ ಅರ್ಹವಲ್ಲ. ಹಾಗಾದರೆ ದಾರಿ? ಒಳ್ಳೆ ಕಂಪನಿಯ ಹಳೆಯದು. ಅದು ಗುಜರಿ ಅಂಗಡಿಯಲ್ಲಿ ಸಿಗುತ್ತೆ.

ಗುಜರಿಗೆ ಎಲ್ಲಿಂದ ಬರುತ್ತೆ?

ಬೆಂಗಳೂರು ಯಂತ್ರದ ಊರು. 1940ರಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು. 1953ರಲ್ಲಿ ಎಚ್‌ಎಂಟಿ ಬಂತು. ಲೇತು, ಮಿಲ್ಲಿಂಗ್ ಯಂತ್ರ ಇಲ್ಲೇ ತಯಾರಾದವು. ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್ ಇತ್ತು. ಅದರ ಲೇತುಗಳು ನಾಡಿನ ತುಂಬಾ ಓಡಿದವು. ಆಮೇಲೆ ಪೀಣ್ಯದಲ್ಲಿ ಸಣ್ಣ ಶಾಪುಗಳು ಸಾಲುಸಾಲಾಗಿ ಎದ್ದವು.

ಕಾಲ ಬದಲಾಯಿತು. ಹರಿಹರದ ಕಾರ್ಖಾನೆ ಮುಚ್ಚಿತು. ಎಚ್‌ಎಂಟಿ ಗಡಿಯಾರ ಕಂಪನಿ ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕೈಲೇತು ಇದ್ದ ಎಷ್ಟೋ ಕಡೆ ಕಂಪ್ಯೂಟರ್ ಲೇತು ಬಂತು. ಹಳೆ ಸಾಮಾನು ಹರಾಜಾಗುತ್ತೆ. ಗುಜರಿಯವರು ಒಟ್ಟಿಗೆ ಕೂಗಿ ಕೊಳ್ಳುತ್ತಾರೆ. ರಿಟೈರ್ ಆದ ಕಾರ್ಮಿಕರ ಟೂಲ್ ಪೆಟ್ಟಿಗೆಯೂ ಒಂದು ದಿನ ಅಲ್ಲಿಗೇ ಬರುತ್ತೆ. ಮಕ್ಕಳಿಗೆ ಅದರ ಬೆಲೆ ಗೊತ್ತಿರೋದಿಲ್ಲ. ಅಂಥ ಪೆಟ್ಟಿಗೆಯ ಸಾಮಾನೇ ಎಲ್ಲಕ್ಕಿಂತ ಚೆನ್ನ. ಇಟ್ಟುಕೊಂಡವರು ಎಣ್ಣೆ ಬಟ್ಟೆ ಸುತ್ತಿ ಇಟ್ಟಿರುತ್ತಾರೆ.

ಬಾಯಿ ಮುಚ್ಚಿ ನೋಡು

ಒಬ್ಬ ಹುಡುಗ ತನ್ನ ಮಾವನ ಜೊತೆ ಗುಜರಿ ಅಂಗಡಿಗೆ ಹೋದ. ಮಾವ ಹಳೆಯ ಟರ್ನರ್.

"ಮಾವ, ಈ ವರ್ನಿಯರ್ ಪಳಪಳ ಅಂತಿದೆ. ತಗೊಳ್ಳೋಣ್ವಾ?"

"ಹೊಳಪು ನೋಡ್ಬೇಡ ಕಣೋ. ಬಾಯಿ ಮುಚ್ಚಿ ಬೆಳಕಿಗೆ ಹಿಡಿ."

ಹುಡುಗ ತುಟಿ ಬಿಗಿದುಕೊಂಡ. ಮಾವ ನಕ್ಕರು. "ನಿನ್ನ ಬಾಯಲ್ಲಪ್ಪ, ವರ್ನಿಯರ್ ಬಾಯಿ!"

ವರ್ನಿಯರಿನ ಎರಡು ದವಡೆ ಕೂಡಿಸಿ ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ಕಾಣಬಾರದು. ಕಂಡರೆ ದವಡೆ ಸವೆದಿದೆ, ಇಲ್ಲವೇ ಬಾಗಿದೆ. ಅದನ್ನು ಬಿಟ್ಟುಬಿಡಿ.

ಆಮೇಲೆ ಸೊನ್ನೆ ನೋಡಬೇಕು. ಬಾಯಿ ಮುಚ್ಚಿದಾಗ ಮೇಲಿನ ಸೊನ್ನೆ, ಕೆಳಗಿನ ಸೊನ್ನೆ ಒಂದೇ ನೇರಕ್ಕೆ ಬರಬೇಕು. ಸ್ವಲ್ಪ ಆಚೀಚೆ ಇದ್ದರೆ ಲೆಕ್ಕದಲ್ಲಿ ಸರಿ ಮಾಡಿಕೊಳ್ಳಬಹುದು. ಲೆಕ್ಕ ಮುಂದೆ ಇದೆ. ಜಾರುವ ಭಾಗ ಅಲ್ಲಾಡುತ್ತಿದ್ದರೆ ಹೆದರಬೇಡಿ. ಮೇಲೆ ಎರಡು ಸಣ್ಣ ಸ್ಕ್ರೂ ಇರುತ್ತವೆ. ಬಿಗಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತೆ.

ಮಾವ ಜೇಬಿನಿಂದ ಒಂದು ಹೊಸ ಬೇರಿಂಗ್ ತೆಗೆದರು. ಅದರ ಮೇಲೆ 6203 ಅಂತ ಬರೆದಿತ್ತು. ಈ ನಂಬರಿನ ಬೇರಿಂಗ್ ಯಾವ ಕಂಪನಿಯದಾದರೂ ಒಂದೇ ಅಳತೆ. ಹೊರ ಸುತ್ತಿಗೆ 40 ಮಿ.ಮೀ. ಒಳ ತೂತಿಗೆ 17 ಮಿ.ಮೀ. ದೊಡ್ಡ ದವಡೆಯಲ್ಲಿ ಹೊರಗೆ ಅಳೆದರು. ಸಣ್ಣ ದವಡೆಯಲ್ಲಿ ಒಳಗೆ ಅಳೆದರು. ಒಂದು ಗೆರೆ ಆಚೀಚೆ ಆದರೆ ನಡೆಯುತ್ತೆ. ಹೆಚ್ಚಾದರೆ ಬೇಡ. ಇಂಥ ಬೇರಿಂಗ್ ಒಂದು ಜೇಬಲ್ಲಿದ್ದರೆ ಅಂಗಡಿಯವರ ಮಾತು ನಂಬಬೇಕಾಗಿಲ್ಲ.

ಮೈಕ್ರೋಮೀಟರಿಗೂ ಸೊನ್ನೆ ನೋಡಬೇಕು. ಮೊದಲು ಎರಡು ಮುಖಗಳನ್ನೂ ಶುಭ್ರ ಕಾಗದದಿಂದ ಒರೆಸಿ. ಸೊನ್ನೆ ತಪ್ಪಿದ್ದರೆ ಸಣ್ಣ ಕೊಕ್ಕೆ ಸ್ಪ್ಯಾನರಿನಿಂದ ತೋಳನ್ನು ತಿರುಗಿಸಿ ಕೂಡಿಸಬಹುದು. ಆದರೆ ತಿರುಗಿಸುವಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅನ್ನಿಸಿದರೆ ಒಳಗಿನ ಮರೆ ಸವೆದಿದೆ. ಅದಕ್ಕೆ ಮದ್ದಿಲ್ಲ. ಕೆಲವರು ಮೈಕ್ರೋಮೀಟರನ್ನು ಕ್ಲಾಂಪಿನ ಹಾಗೆ ಬಿಗಿದು ಹಾಳು ಮಾಡಿರುತ್ತಾರೆ. ಅವರ ಕೈಗೆ ಅದನ್ನು ಕೊಟ್ಟವರು ಯಾರೋ!

ತೂಕಕ್ಕೋ, ಪೀಸಿಗೋ?

ಗುಜರಿಯಲ್ಲಿ ಎರಡು ರೇಟು. ರಾಶಿಯಲ್ಲಿರುವುದಕ್ಕೆ ತೂಕದ ರೇಟು. ಗಾಜಿನ ಪೆಟ್ಟಿಗೆಯಲ್ಲಿರುವುದಕ್ಕೆ ಪೀಸಿನ ರೇಟು. ಡ್ರಿಲ್ ಬಿಟ್ಟು, ಟ್ಯಾಪು, ಲೇತಿನ ಟೂಲು ಇವೆಲ್ಲ ರಾಶಿಯಲ್ಲೇ ಇರುತ್ತವೆ. ಕೈ ಕೊಳೆಯಾಗಲಿ, ಕೆದಕಿ. ಚೂಪು ಅಂಚು ಇರುತ್ತೆ, ಹುಷಾರು.

ಡ್ರಿಲ್ ಬಿಟ್ಟಿನ ಬುಡದಲ್ಲಿ ಎಚ್‌ಎಸ್‌ಎಸ್ ಎಂಬ ಇಂಗ್ಲಿಷ್ ಅಕ್ಷರ ಇದೆಯಾ ನೋಡಿ. ಅದು ಬಿಸಿ ತಡೆಯುವ ಉಕ್ಕು. ಮೊಂಡಾಗಿದ್ದರೂ ಸಾಣೆ ಹಿಡಿದರೆ ಮತ್ತೆ ಕೊರೆಯುತ್ತೆ. ಬುಡ ಮಾತ್ರ ಕಚ್ಚಿಹೋಗಿರಬಾರದು. ಅಕ್ಷರ ಅಳಿಸಿದ್ದರೆ ಸಾಣೆಗೆ ಹಿಡಿದು ಕಿಡಿ ನೋಡಬಹುದು. ಸಾದಾ ಉಕ್ಕಿನ ಕಿಡಿ ಬೆಳ್ಳಗೆ ಹೂಬತ್ತಿ ಥರ ಸಿಡಿಯುತ್ತೆ. ಎಚ್‌ಎಸ್‌ಎಸ್ ಕಿಡಿ ಕಡಿಮೆ, ಬಣ್ಣ ಮಂಕು ಕೆಂಪು.

ಟ್ಯಾಪಿನ ಹಲ್ಲು ಒಂದೊಂದೂ ನೋಡಿ. ಒಂದು ಹಲ್ಲು ಮುರಿದಿದ್ದರೂ ಬೇಡ. ಅದು ತೂತಿನಲ್ಲೇ ಮುರಿದರೆ ಮಾಲೀಕರ ಜಾಬ್ ಹೋಯಿತು, ನಿಮ್ಮ ಹೆಸರೂ ಹೋಯಿತು. ಹಳೆಯ ರಾಶಿಯಲ್ಲಿ ಇಂಚಿನ ಟ್ಯಾಪು ಬಹಳ. ಎಂ 10 ಅಂತ ಇದ್ದರೆ ಅದು ಮಿ.ಮೀ. ಟ್ಯಾಪು. ಸಾಮಾನ್ಯ ಎಂ 10 ಟ್ಯಾಪಿನ ಮರೆಗೆ 1.5 ಮಿ.ಮೀ. ಅಂತರ. ಅದಕ್ಕೆ 8.5 ಮಿ.ಮೀ. ತೂತು ಕೊರೆಯಬೇಕು. ಅಕ್ಷರ, ಅಂಕಿ ಓದಲು ಬಂದರೆ ಇಲ್ಲಿ ದುಡ್ಡು ಉಳಿಯುತ್ತೆ.

ವೈಸ್ ಕೊಳ್ಳುವುದಾದರೆ ಪೂರ್ತಿ ತೆರೆದು, ಪೂರ್ತಿ ಮುಚ್ಚಿ ನೋಡಿ. ಎಲ್ಲೂ ಜಿಗಿಯಬಾರದು. ಬಣ್ಣದ ಕೆಳಗೆ ವೆಲ್ಡಿಂಗ್ ಗುರುತು ಕಂಡರೆ ಬಿಡಿ. ಬೀಡಿನ ಕಬ್ಬಿಣ ಒಮ್ಮೆ ಬಿರುಕು ಬಿಟ್ಟರೆ ನಂಬುವ ಹಾಗಿಲ್ಲ. ಲೇತಿನ ಚಕ್ಕಿನಲ್ಲಿ ಮೂರು ದವಡೆ. ಅವುಗಳ ಮೇಲೆ 1, 2, 3 ಅಂತ ಇರುತ್ತೆ. ಮೂರೂ ಒಂದೇ ಜೊತೆಯವಾ ಅಂತ ನೋಡಿ.

ಅರ ಮಾತ್ರ ಹೊಸದೇ ತಗೊಳ್ಳಿ. ಸವೆದ ಅರ ಹೊಳೆಯುತ್ತೆ, ಕೊರೆಯೋದಿಲ್ಲ.

ಸಾಣೆ ಚಕ್ರ ಬೇಡವೇ ಬೇಡ. ಕಣ್ಣಿಗೆ ಕಾಣದ ಬಿರುಕು ಅದರಲ್ಲಿರಬಹುದು. ಓಡುವಾಗ ಅದು ಒಡೆದು ಗುಂಡಿನ ಹಾಗೆ ಹಾರುತ್ತೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೋಬೇಡಿ. ಕಣ್ಣು ಗುಜರಿಯಲ್ಲಿ ಸಿಗೋದಿಲ್ಲ.

ಚೌಕಾಸಿ, ಚೀಟಿ

"ಎಂಟುನೂರು ಕೊಡಿ ಅಣ್ಣ. ಜಪಾನ್ ಮಾಲು."

"ಮಾಲು ಒಳ್ಳೇದೇ ಯಜಮಾನ್ರೆ. ಆದ್ರೆ ಸೊನ್ನೆ ಮೂರು ಗೆರೆ ಆಚೆ ಇದೆ, ನೀವೇ ನೋಡಿ. ಐನೂರು ಮಾಡ್ಕೊಳ್ಳಿ."

ಕೊನೆಗೆ ಆರುನೂರಕ್ಕೆ ಕುದುರಿತು. ಜಗಳವಿಲ್ಲ. ದೋಷವನ್ನು ಬೆರಳಿಟ್ಟು ತೋರಿಸಿದರೆ ಬೆಲೆ ತಾನೇ ಇಳಿಯುತ್ತೆ.

"ಒಂದು ಚೀಟಿ ಬರ್ಕೊಡಿ" ಅಂದರು ಮಾವ.

ಚೀಟಿ ಯಾಕೆ? ಕದ್ದ ಸಾಮಾನೂ ಗುಜರಿಗೆ ಬರಬಹುದು. ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದನ್ನು ಹೇಳುತ್ತೆ. 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕಂಪನಿ ಹೆಸರನ್ನು ಹೊಸದಾಗಿ ಉಜ್ಜಿ ಅಳಿಸಿದ್ದರೆ ಕೆಳಗಿಟ್ಟು ಬನ್ನಿ. ಚೀಟಿ ಕೊಡಲು ಒಪ್ಪದ ಕಡೆ ದುಬಾರಿ ಸಾಮಾನು ಬೇಡ.

ಮನೆಗೆ ತಂದ ಮೇಲೆ

ತುಕ್ಕು ಹಿಡಿದ ಸ್ಪ್ಯಾನರು, ವೈಸಿನ ದವಡೆ ಇವನ್ನು ಹುಣಸೆ ಹುಳಿಯಲ್ಲಿ ಒಂದು ರಾತ್ರಿ ನೆನೆಹಾಕಿ. ಉಜ್ಜಿ, ತೊಳೆದು, ಬಿಸಿಲಲ್ಲಿ ಒಣಗಿಸಿ, ಎಣ್ಣೆ ಹಚ್ಚಿ. ಅಳತೆಯ ಸಾಮಾನಿಗೆ ಹುಳಿ ತಾಗಿಸಬಾರದು. ಮರಳು ಕಾಗದವನ್ನೂ ಹಾಕಬಾರದು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳ್ಳಗೆ ಮಿಷಿನ್ ಎಣ್ಣೆ ಸವರಿದರೆ ಸಾಕು.

ಲೆಕ್ಕ ಮಾಡಿ

ವರ್ನಿಯರಿನ ಜಾರುವ ಪಟ್ಟಿಯಲ್ಲಿ 50 ಮನೆ. ಅವು ಮೇಲಿನ 49 ಮಿ.ಮೀ.ಗೆ ಸಮ. ಹಾಗಾಗಿ ಒಂದು ಗೆರೆಗೆ 0.02 ಮಿ.ಮೀ. ಹುಡುಗ ಒಂದು ಸರಳು ಅಳೆದ. ಸೊನ್ನೆ 23 ಮಿ.ಮೀ. ದಾಟಿತ್ತು. 17ನೇ ಗೆರೆ ಕೂಡಿತ್ತು.

17 × 0.02 = 0.34
23 + 0.34 = 23.34

ಅವನ ವರ್ನಿಯರಿನ ಸೊನ್ನೆ ಮೂರು ಗೆರೆ ಬಲಕ್ಕೆ ಇದೆ. ಅಂದರೆ 0.06 ಹೆಚ್ಚು ತೋರಿಸುತ್ತೆ. ಅದನ್ನು ಕಳೆಯಬೇಕು. ಸರಳಿನ ನಿಜವಾದ ಅಳತೆ ಎಷ್ಟು?

ಚೀಟಿ ಬರೆಯಿರಿ

ತಾರೀಕು: ........
ಅಂಗಡಿ: ........
ಕೊಂಡವರು: ........
ಸಾಮಾನು: ಹಳೆ ವರ್ನಿಯರ್ ಒಂದು, ನಂಬರು ........
ಕೊಟ್ಟ ಹಣ: 600 ರೂ.
ಅಂಗಡಿಯವರ ಸಹಿ: ........