ಟೊಮೆಟೊ ಗಿಡದ ಸೊಕ್ಕು ಮತ್ತು ಕಾಯಿಯ ಇಳುವರಿ

ಕಳೆದ ಏಪ್ರಿಲ್ ತಿಂಗಳಿನಲ್ಲಿ ಕೋಲಾರದ ಕಡೆಯ ರೈತರೊಬ್ಬರು ತಮ್ಮ ಟೊಮೆಟೊ ತೋಟ ನೋಡಲು ನನ್ನನ್ನು ಕರೆದೊಯ್ದರು. ಗಿಡಗಳು ಭುಜದೆತ್ತರ ಬೆಳೆದಿದ್ದವು. ಎಲೆ ಕಡುಹಸಿರು, ಕಾಂಡ ಹೆಬ್ಬೆರಳಿನ ಗಾತ್ರ. "ಗಿಡಕ್ಕೇನೂ ಕಮ್ಮಿ ಮಾಡಿಲ್ಲ ಸಾರ್, ಕಾಯಿ ಮಾತ್ರ ಹುಡುಕಬೇಕು" ಎಂದರು. ಸಸಿ, ಗೂಟ, ದಾರ, ಕೂಲಿ ಎಲ್ಲಕ್ಕೂ ಸಾಲ ಮಾಡಿದ್ದ ಅವರಿಗೆ ಗಿಡದ ಅಂದವನ್ನು ಮಂಡಿಯಲ್ಲಿ ಮಾರುವಂತಿರಲಿಲ್ಲ. ನಾಟಿಗೆ ಮುಂಚೆ ಧಾರಾಳವಾಗಿ ಕೋಳಿ ಗೊಬ್ಬರ, ಆಮೇಲೆ ವಾರಕ್ಕೊಮ್ಮೆ ಯೂರಿಯಾ ಕೊಟ್ಟಿದ್ದರು.

ಗಿಡ ಸೊಂಪಾಗಿದ್ದರೆ ಫಸಲೂ ಸೊಂಪು ಎಂಬ ಮಾತು ಸೊಪ್ಪಿನ ಬೆಳೆಗೆ ಸರಿ. ಟೊಮೆಟೊಗೆ ಅದು ಅರ್ಧ ಮಾತ್ರ ನಿಜ. ಎಲೆಗಳು ಬಿಸಿಲಿನಲ್ಲಿ ತಯಾರಿಸುವ ಸಕ್ಕರೆಯ ಅಂಶಕ್ಕೆ ಬೇರು, ಕುಡಿ, ಕಾಯಿ ಮೂವರೂ ಪಾಲುದಾರರು. ಕಾಯಿ ಕಟ್ಟುವವರೆಗೆ ಬೇರು ಮತ್ತು ಕುಡಿಗಳೇ ಅದನ್ನು ಹಂಚಿಕೊಳ್ಳುತ್ತವೆ. ಕಾಯಿ ಕಟ್ಟಿದ ಮೇಲೆ ಹೆಚ್ಚಿನ ಪಾಲನ್ನು ಕಾಯಿಯೇ ಎಳೆದುಕೊಳ್ಳುವುದರಿಂದ ಕುಡಿಯ ಓಟ ತಾನಾಗಿ ತಗ್ಗುತ್ತದೆ. ಮೊದಲ ಗೊಂಚಲುಗಳ ಹೂ ಉದುರಿಹೋದರೆ ಈ ಲಗಾಮು ಬೀಳುವುದೇ ಇಲ್ಲ, ಗಿಡ ಸೊಕ್ಕುತ್ತದೆ. ಅಂದರೆ ಗಿಡ ಸೊಕ್ಕಿದ್ದರಿಂದ ಕಾಯಿ ಕಡಿಮೆಯಾಗುವುದೂ ಉಂಟು, ಕಾಯಿ ನಿಲ್ಲದ್ದರಿಂದ ಗಿಡ ಸೊಕ್ಕುವುದೂ ಉಂಟು. ತೋಟದಲ್ಲಿ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ.

ಈ ವಿಚಾರವನ್ನು ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಕ್ರಾಸ್ ಮತ್ತು ಕ್ರೇಬಿಲ್ ಎಂಬ ವಿಜ್ಞಾನಿಗಳು ಟೊಮೆಟೊ ಗಿಡಗಳಲ್ಲೇ ಪರೀಕ್ಷಿಸಿ 1918ರಲ್ಲಿ ಪ್ರಕಟಿಸಿದರು. ಸಾರಜನಕ ಧಾರಾಳವಾಗಿ ಸಿಕ್ಕ ಗಿಡಗಳು ಹುಲುಸಾಗಿ ಬೆಳೆದವು, ಕಾಯಿ ಕೊಡಲಿಲ್ಲ. ಸಾರಜನಕ ತೀರ ಕಡಿಮೆಯಾದ ಗಿಡಗಳೂ ಕಾಯಿ ಕೊಡಲಿಲ್ಲ; ಅವುಗಳಲ್ಲಿ ಪಿಷ್ಟ ಸುಮ್ಮನೆ ಕೂಡಿಬಿದ್ದಿತ್ತು. ನಡುವಿನ ಸ್ಥಿತಿಯ ಗಿಡಗಳು ಫಲ ಕೊಟ್ಟವು. ಅವರು ಹೇಳಿದ ಪಿಷ್ಟ–ಸಾರಜನಕದ ಲೆಕ್ಕ ಅಷ್ಟು ಸರಳವಲ್ಲವೆಂದು ಮುಂದೆ ತಿಳಿದುಬಂದರೂ ಟೊಮೆಟೊ ಬೆಳೆಗಾರನಿಗೆ ಆ ಪಾಠ ಇಂದಿಗೂ ಉಪಯುಕ್ತವೇ.

ಎತ್ತರದಿಂದ ಇಳುವರಿಯನ್ನು ಅಳೆಯುವ ಮೊದಲು ತಳಿ ಯಾವುದೆಂದು ಕೇಳಬೇಕು. ಪೂಸಾ ರೂಬಿಯಂತಹ ಅಸೀಮಿತ ಬೆಳವಣಿಗೆಯ ತಳಿಗಳಲ್ಲಿ ಮೊದಲ ಹೂಗೊಂಚಲು ಸಾಮಾನ್ಯವಾಗಿ ಎಂಟು ಹತ್ತು ಎಲೆಗಳಾದ ಮೇಲೆ ಬಂದು, ನಂತರ ಸುಮಾರು ಮೂರು ಎಲೆಗೊಂದರಂತೆ ಮೇಲೇರುತ್ತ ಹೋಗುತ್ತದೆ. ರೋಮಾದಂತಹ ಸೀಮಿತ ಬೆಳವಣಿಗೆಯ ತಳಿಗಳಲ್ಲಿ ಒಂದೆರಡು ಎಲೆಗೊಂದು ಗೊಂಚಲು ಬಂದು, ಕೊನೆಗೆ ಕುಡಿಯೇ ಗೊಂಚಲಾಗಿ ಮುಗಿಯುತ್ತದೆ. ಈ ಗುಣ 1914ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಾನಾಗಿ ಕಾಣಿಸಿಕೊಂಡ ಒಂದು ಮಾರ್ಪಾಡು. ಒಂದೇ ಒಂದು ವಂಶವಾಹಿಯ ಬದಲಾವಣೆ ಪ್ರಪಂಚದ ಟೊಮೆಟೊ ಬೇಸಾಯವನ್ನೇ ಬದಲಿಸಿತು! ಹೀಗಾಗಿ ಮೊಣಕಾಲೆತ್ತರದ ಸೀಮಿತ ತಳಿ ಭುಜದೆತ್ತರದ ಗಿಡಕ್ಕಿಂತ ಹೆಚ್ಚು ಗೊಂಚಲು ಹೊತ್ತಿದ್ದರೆ ಆಶ್ಚರ್ಯವಿಲ್ಲ. ಆದರೆ ಅದರ ಕಾಯಿ ಕೆಲವೇ ವಾರಗಳಲ್ಲಿ ಒಟ್ಟಾಗಿ ಹಣ್ಣಾಗುತ್ತದೆ. ಆ ವಾರ ಮಂಡಿಯಲ್ಲಿ ಧಾರಣೆ ಕುಸಿದರೆ ಬೆಳೆಗಾರ ಕೆಟ್ಟ. ಅಸೀಮಿತ ತಳಿಗೆ ಗೂಟ, ದಾರದ ಖರ್ಚು ಹೆಚ್ಚು. ಕೊಯ್ಲು ಮಾತ್ರ ಬಹುಕಾಲ ನಡೆದು ಧಾರಣೆಯ ಏರಿಳಿತ ಹಂಚಿಹೋಗುತ್ತದೆ.

ಇಳುವರಿಯ ಲೆಕ್ಕ ಸುಲಭ: ಗಿಡದಲ್ಲಿರುವ ಗೊಂಚಲು, ಗೊಂಚಲಲ್ಲಿ ನಿಂತ ಕಾಯಿ, ಒಂದು ಕಾಯಿಯ ತೂಕ, ಇವುಗಳ ಗುಣಲಬ್ಧ. ಉದಾಹರಣೆಗೆ ಆರು ಗೊಂಚಲು, ತಲಾ ಮೂರು ಕಾಯಿ, ಕಾಯಿಗೆ 60 ಗ್ರಾಂ ಎಂದರೆ ಗಿಡಕ್ಕೆ 1,080 ಗ್ರಾಂ. ಗಿಡ ಇನ್ನೂ ಎತ್ತರ ಬೆಳೆದು ಒಂಬತ್ತು ಗೊಂಚಲು ಬಿಟ್ಟರೂ ತಲಾ ಒಂದೇ ಕಾಯಿ ನಿಂತರೆ 540 ಗ್ರಾಂ, ಸರಿಯಾಗಿ ಅರ್ಧ. ಈ ಲೆಕ್ಕದಲ್ಲಿ ಎತ್ತರ ಎಲ್ಲಿಯೂ ಬರುವುದಿಲ್ಲವೆಂಬುದನ್ನು ಗಮನಿಸಿ.

ಹಾಗೆಂದು ಗಿಡವನ್ನು ಸೊರಗಿಸಬಾರದು. ಪ್ರತಿ ಗೊಂಚಲಿನ ಕಾಯಿಯನ್ನು ಮುಖ್ಯವಾಗಿ ಸಾಕುವುದು ಅದರ ಅಕ್ಕಪಕ್ಕದ ಎಲೆಗಳು. ಅಂಗಮಾರಿ ರೋಗದಿಂದ ಆ ಎಲೆ ಉದುರಿದರೆ ಕಾಯಿ ಸಣ್ಣದಾಗುತ್ತದೆ, ಬಿಸಿಲಿಗೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಬಗಲು ಚಿಗುರು ಚಿವುಟುವುದು ಗೂಟಕ್ಕೆ ಕಟ್ಟಿದ ಅಸೀಮಿತ ತಳಿಗೆ ಒಳ್ಳೆಯದು. ಸೀಮಿತ ತಳಿಯಲ್ಲಿ ಚಿವುಟಿದರೆ ಫಸಲನ್ನೇ ಚಿವುಟಿದಂತೆ, ಏಕೆಂದರೆ ಅದರ ಬಗಲು ಕೊಂಬೆಗಳೇ ಕಾಯಿ ಹೊರುವುದು. ಪಕ್ಕದ ತೋಟದವರನ್ನು ನೋಡಿ ಚಿವುಟಿ ಕೆಟ್ಟವರನ್ನು ನಾನು ಕಂಡಿದ್ದೇನೆ.

ಆ ರೈತರ ತೋಟದಲ್ಲಿ ತಪ್ಪು ಯೂರಿಯಾದ್ದೊಂದೇ ಆಗಿರಲಿಲ್ಲ. ಹಗಲು 35 ಡಿಗ್ರಿ ಸೆಲ್ಷಿಯಸ್ ಮೀರಿ, ರಾತ್ರಿಯೂ 21 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಪರಾಗ ಸತ್ವ ಕಳೆದುಕೊಂಡು ಹೂ ಉದುರುತ್ತದೆ. ಅಂತಹ ಕಾಲದಲ್ಲಿ ಯೂರಿಯಾ ಸುರಿದರೆ ಅದು ಸೊಪ್ಪಿಗೇ ಹೋಗುತ್ತದೆ. ಮಣ್ಣು ಪರೀಕ್ಷೆಗೆ ತಕ್ಕ ಸಾರಜನಕವನ್ನು ಕಂತುಗಳಲ್ಲಿ ಕೊಟ್ಟು, ಮೊದಲ ಎರಡು ಗೊಂಚಲುಗಳಲ್ಲಿ ಕಾಯಿ ನಿಂತ ಮೇಲೆ ಉಳಿದ ಕಂತು ಕೊಡುವುದು ಲೇಸು. ಆಗ ಕೊಟ್ಟದ್ದನ್ನು ಬಳಸಿಕೊಳ್ಳಲು ಕಾಯಿ ಇರುತ್ತದೆ. ಕೋಳಿ ಗೊಬ್ಬರ ಹಾಕಿದವರು ಅದರಲ್ಲಿನ ಸಾರಜನಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅವರಿಗೆ ನಾನು ಹೇಳಿದ್ದು ಇಷ್ಟೆ. ಯೂರಿಯಾ ನಿಲ್ಲಿಸಿ, ನೀರನ್ನು ಹದವಾಗಿ ಕೊಡಿ. ತೋಟದ ಬೇರೆಬೇರೆ ಕಡೆ ಹತ್ತು ಗಿಡಗಳಿಗೆ ಬಣ್ಣದ ದಾರ ಕಟ್ಟಿ, ವಾರಕ್ಕೊಮ್ಮೆ ಹೊಸ ಗೊಂಚಲೆಷ್ಟು, ನಿಂತ ಕಾಯಿ ಎಷ್ಟು ಎಂದು ಬರೆದಿಡಿ. ಉದುರಿಹೋದ ಕೆಳಗಿನ ಗೊಂಚಲುಗಳು ಮರಳಿ ಬರುವಂತಿರಲಿಲ್ಲ. ಮೇ ಕೊನೆಯಲ್ಲಿ ಮಳೆ ಬಿದ್ದು ರಾತ್ರಿ ತಂಪಾದ ಮೇಲೆ ತುದಿಯ ಗೊಂಚಲುಗಳಲ್ಲಿ ಎರಡು ಮೂರು ಕಾಯಿ ನಿಂತವು. ಗೂಟದ ಖರ್ಚು ಹುಟ್ಟಿತು, ಕೂಲಿಯದು ಹುಟ್ಟಲಿಲ್ಲ. ಈ ಸಲ ನಾಟಿ ಮಾಡಿದಾಗಲೇ ಹತ್ತು ಗಿಡಗಳಿಗೆ ದಾರ ಕಟ್ಟಿದ್ದಾರೆ.