ಐವತ್ತರ ನಂತರದ ಜೊತೆ: ನಾಚದೆ ಕೇಳಬೇಕಾದ ಮಾತುಗಳು

ಮಕ್ಕಳು ಕೆಲಸಕ್ಕೆಂದು ಬೆಂಗಳೂರು, ಪುಣೆ ಸೇರಿರುತ್ತಾರೆ. ಸಂಗಾತಿಯನ್ನು ಕಳೆದುಕೊಂಡವರಿಗೆ ಒಬ್ಬರಿಗಾಗಿ ಒಲೆ ಹಚ್ಚಲು ಬೇಸರ. ಊಟ ತಪ್ಪುತ್ತದೆ, ಮಾತ್ರೆಯೂ ತಪ್ಪುತ್ತದೆ. ಈ ವಯಸ್ಸಿನಲ್ಲಿ ಜೊತೆ ಬಯಸುವುದು ತಪ್ಪಲ್ಲ. ಜನ ಏನಂದಾರು ಎಂದು ಅಂಜಿ ಆರೋಗ್ಯದ ವಿಷಯ ಮುಚ್ಚಿಡುವುದು ತಪ್ಪು.

ಮರುಮದುವೆಯ ಮಾತು ಬಂದಾಗ ಹೊಲ, ಮನೆ, ಪಿಂಚಣಿ ವಿಚಾರಿಸುತ್ತೀರಿ. ಇವನ್ನೂ ವಿಚಾರಿಸಿ.

1. ನಿಮ್ಮ ಕಾಯಿಲೆ, ಮಾತ್ರೆಗಳನ್ನು ಇಬ್ಬರೂ ಹೇಳಿಕೊಳ್ಳಿ. ಸಕ್ಕರೆ ಕಾಯಿಲೆಯವರು ರಾತ್ರಿ ಬೆವರಿ ನಡುಗಿದರೆ, ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಬೇಕೆಂದು ಪಕ್ಕದವರಿಗೆ ಗೊತ್ತಿರಬೇಕು.

2. ಇಬ್ಬರೂ ಎಚ್.ಐ.ವಿ., ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ. ಇವು ವರ್ಷಗಟ್ಟಲೆ ಲಕ್ಷಣ ತೋರದೆ ಇರಬಹುದು. ಸರಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ; ಫಲಿತಾಂಶ ಗುಟ್ಟಾಗಿರುತ್ತದೆ.

3. ಮುಟ್ಟು ನಿಂತು ಪೂರ್ತಿ 12 ತಿಂಗಳಾಗುವವರೆಗೆ ಗರ್ಭ ನಿಲ್ಲಬಹುದು. ಆಮೇಲೆ ಕೂಡುವಾಗ ಒಣಗಿದಂತಾಗಿ ನೋವಾದರೆ ಸಹಿಸಬೇಡಿ, ಚಿಕಿತ್ಸೆ ಇದೆ. ಮತ್ತೆ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

4. ಗಂಡಸರು ಅಂಗಡಿಯಿಂದ ‘ಶಕ್ತಿ ಮಾತ್ರೆ’ ತಂದು ನುಂಗಬೇಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಸೇವಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಸಕ್ಕರೆ ಕಾಯಿಲೆಯಿಂದಲೂ ಪುರುಷರಲ್ಲಿ ಈ ದೌರ್ಬಲ್ಯ ಬರುತ್ತದೆ. ಅದು ಅವಮಾನವಲ್ಲ, ವೈದ್ಯರಿಗೆ ಹೇಳುವ ವಿಷಯ.

ಮಗ, ಸೊಸೆಯ ಎದುರು ಕೇಳಲು ಸಂಕೋಚವೇ? ಅವರನ್ನು ಹೊರಗೆ ಕೂರಿಸಿ, ಒಬ್ಬರೇ ಒಳಗೆ ಬನ್ನಿ. ಸಿಸ್ಟರ್‌ಗಳಿಗೆ ಇದು ಹೊಸ ಪ್ರಶ್ನೆಯೇನಲ್ಲ.